ಉಪ್ಪಿನ ಧಾರಣೆ ಹಿಡಿದು ರೈಲಿನ ಲಾಭ ಅಳೆದವರು: ಡೇವ್ ಡೊನಾಲ್ಡ್ಸನ್ ಸಂಶೋಧನೆಯ ಬಗ್ಗೆ ಮಾತಾಡೋಣ

ಸಂತೆಪೇಟೆ

ಅಂತರರಾಷ್ಟ್ರೀಯ ವ್ಯಾಪಾರ ಎಂದರೆ ನಮ್ಮ ಪತ್ರಿಕೆಗಳಲ್ಲಿ ಆಮದು ಸುಂಕ, ಡಾಲರ್ ದರ, ಅಮೆರಿಕ–ಚೀನಾ ಹಗ್ಗಜಗ್ಗಾಟ, ಇಷ್ಟೇ. ಅದೇ ಶಾಸ್ತ್ರವನ್ನು ಓದಿದ ಒಬ್ಬ ಯುವಕ ತನ್ನ ಮೊದಲ ದೊಡ್ಡ ಕೆಲಸಕ್ಕೆ ಆರಿಸಿಕೊಂಡದ್ದು ಬ್ರಿಟಿಷರ ಕಾಲದ ಭಾರತದ ರೈಲುಹಳಿಗಳನ್ನು. ಅದರೊಳಗೂ ಆತ ಕೈಹಾಕಿದ್ದು ಉಪ್ಪಿಗೆ. ಆ ಕೆಲಸದ ಬಗ್ಗೆ ಕನ್ನಡದಲ್ಲಿ ಮಾತಾಡಿದವರು ಕಡಿಮೆ, ಅದಕ್ಕೇ ಈ ಚರ್ಚೆ ಆರಂಭಿಸುತ್ತಿದ್ದೇನೆ.

ಡೇವ್ ಡೊನಾಲ್ಡ್ಸನ್ ಕೆನಡಾದವರು. ಆಕ್ಸ್‌ಫರ್ಡ್‌ನಲ್ಲಿ ಓದಿದ್ದು ಭೌತಶಾಸ್ತ್ರ. ಆಮೇಲೆ ಅರ್ಥಶಾಸ್ತ್ರಕ್ಕೆ ಹೊರಳಿ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ 2009ರಲ್ಲಿ ಪಿಎಚ್‌.ಡಿ. ಮುಗಿಸಿದರು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾಗಿ, ನಡುವೆ ಕೆಲಕಾಲ ಸ್ಟ್ಯಾನ್‌ಫರ್ಡ್‌ನಲ್ಲಿದ್ದು, ಮತ್ತೆ ಎಂಐಟಿಗೆ ಮರಳಿದವರು. 2017ರಲ್ಲಿ ಜಾನ್ ಬೇಟ್ಸ್ ಕ್ಲಾರ್ಕ್ ಪದಕ ಬಂತು. ಅಮೆರಿಕದಲ್ಲಿ ಕೆಲಸ ಮಾಡುವ, ನಲವತ್ತು ತುಂಬದ ಅರ್ಥಶಾಸ್ತ್ರಜ್ಞರಿಗೆ ಇದಕ್ಕಿಂತ ದೊಡ್ಡ ಮನ್ನಣೆ ಇಲ್ಲ.

‘ರೈಲ್‌ರೋಡ್ಸ್ ಆಫ್ ದ ರಾಜ್’ ಎಂಬ ಅವರ ಪ್ರಬಂಧ 2010ರಿಂದಲೇ ಕರಡು ರೂಪದಲ್ಲಿ ಕೈಯಿಂದ ಕೈಗೆ ಓಡಾಡಿ, ಅಚ್ಚಾದದ್ದು 2018ರಲ್ಲಿ. ಪ್ರಶ್ನೆ ನೇರವಾದದ್ದು: ರೈಲು ಬಂದ ಊರಿಗೆ ನಿಜಕ್ಕೂ ಒಳ್ಳೆಯದಾಯಿತೇ? ಆಗಿದ್ದರೆ ಎಷ್ಟು, ಯಾವ ದಾರಿಯಿಂದ? ರೈಲಿಗೆ ಮುಂಚೆ ಸರಕು ಸಾಗುತ್ತಿದ್ದದ್ದು ಹೇರೆತ್ತುಗಳ ಬೆನ್ನ ಮೇಲೆ, ದಿನಕ್ಕೆ ಹೆಚ್ಚೆಂದರೆ 30 ಕಿಲೋಮೀಟರ್. ಹಳಿ ಬಿದ್ದ ಮೇಲೆ ಅದೇ ಸರಕು ಒಂದು ದಿನದಲ್ಲಿ 600 ಕಿಲೋಮೀಟರ್ ಹೋಗಬಲ್ಲದಾಯಿತು, ಬಾಡಿಗೆಯೂ ಇಳಿಯಿತು. 1853ರಲ್ಲಿ ಮುಂಬಯಿ–ಠಾಣೆಯ ನಡುವೆ ಆರಂಭವಾದ ಮಾರ್ಗ 1930ರ ವೇಳೆಗೆ 67,000 ಕಿಲೋಮೀಟರ್ ದಾಟಿತ್ತು.

ಬ್ರಿಟಿಷ್ ಆಡಳಿತದ ಮುದ್ರಿತ ವರದಿಗಳಲ್ಲಿ ಹುಗಿದಿದ್ದ ಬೆಲೆ, ಇಳುವರಿ, ಮಳೆ, ಸಾಗಣೆಯ ಅಂಕಿಗಳನ್ನು ಅವರು ಜಿಲ್ಲೆವಾರು ಕಲೆಹಾಕಿದರು. ಹದಿನೇಳು ಬೆಳೆಗಳು, 235 ಜಿಲ್ಲೆಗಳು, 1870ರಿಂದ 1930ರವರೆಗಿನ ಲೆಕ್ಕ. ಅವರು ಕಂಡುಕೊಂಡ ಪ್ರಕಾರ ರೈಲು ತಲುಪಿದ ಜಿಲ್ಲೆಯ ನಿಜ ಕೃಷಿ ವರಮಾನ (ಬೆಲೆಯ ಏರಿಳಿತ ಕಳೆದು ಉಳಿಯುವುದು) ಸರಾಸರಿ ಶೇ. 16ರಷ್ಟು ಏರಿತು. ಆ ಏರಿಕೆ ವ್ಯಾಪಾರದಿಂದಲೇ ಬಂದದ್ದೆಂದು ತೋರಿಸಿದ ರೀತಿ ನನಗೆ ಈ ಸಂಖ್ಯೆಗಿಂತ ದೊಡ್ಡದಾಗಿ ಕಾಣುತ್ತದೆ. ಓದಿದವರು, ಒಪ್ಪದವರು ಎಲ್ಲರೂ ಬರೆಯಿರಿ.

ಎಂ.ಎ. ಎರಡನೇ ವರ್ಷ

ಸರ್, ಉಪ್ಪೇ ಏಕೆ? ಅಕ್ಕಿ, ಗೋಧಿ, ಜೋಳದ ಬೆಲೆಗಳೂ ಅದೇ ವರದಿಗಳಲ್ಲಿ ಇದ್ದವಲ್ಲ? ತರಗತಿಯಲ್ಲಿ ಈಟನ್–ಕಾರ್ಟಮ್ ಮಾದರಿ (ಯಾರು ಯಾರಿಂದ ಎಷ್ಟು ಕೊಳ್ಳುತ್ತಾರೆ ಎಂಬುದನ್ನು ಉತ್ಪಾದನೆಯ ಸಾಮರ್ಥ್ಯ, ಸಾಗಣೆಯ ಖರ್ಚುಗಳಿಂದ ಲೆಕ್ಕ ಹಾಕುವ ವ್ಯಾಪಾರದ ಸೂತ್ರ) ಪಾಠವಾಗುವಾಗ ಈ ಪ್ರಬಂಧದ ಹೆಸರು ಬಂದಿತ್ತು. ಉಪ್ಪಿನ ವಿಷಯವನ್ನು ಮಾತ್ರ ಯಾರೂ ಬಿಡಿಸಿ ಹೇಳಲಿಲ್ಲ.

ಸಂತೆಪೇಟೆ

ಇಡೀ ಪ್ರಬಂಧದ ಜಾಣ್ಮೆ ಇರುವುದೇ ಅಲ್ಲಿ.

ಎರಡು ಊರುಗಳ ನಡುವೆ ಸರಕು ಸಾಗಿಸಲು ತಗಲುವ ಖರ್ಚನ್ನು ಅಳೆಯಬೇಕು. ಬಾಡಿಗೆ ರಸೀದಿ ನೋಡಿದರೆ ಸಾಲದು. ದಾರಿಯಲ್ಲಿ ಹಾಳಾದದ್ದು, ಕಳುವಾದದ್ದು, ತಡವಾದದ್ದು, ಕಟ್ಟೆಗಳಲ್ಲಿ ತೆತ್ತ ಸುಂಕ, ವರ್ತಕನ ಬಡ್ಡಿ, ಇದೆಲ್ಲ ಆ ಖರ್ಚಿನೊಳಗೇ ಇರುತ್ತದೆ. ಇವನ್ನು ಒಂದೊಂದಾಗಿ ಎಣಿಸುವ ಬದಲು ಎರಡೂ ಊರಿನ ಬೆಲೆಗಳ ಅಂತರವನ್ನು ನೋಡಬಹುದು. ಆದರೆ ಜೋಳದಲ್ಲಿ ಈ ಲೆಕ್ಕ ಕೈಕೊಡುತ್ತದೆ. ಧಾರವಾಡದಲ್ಲೂ ಜೋಳ ಬೆಳೆಯುತ್ತದೆ, ಬಳ್ಳಾರಿಯಲ್ಲೂ ಬೆಳೆಯುತ್ತದೆ. ಎರಡೂ ಕಡೆ ಧಾರಣೆ ಒಂದೇ ಇದೆ ಎಂದುಕೊಳ್ಳಿ. ಸಾಗಣೆ ಪುಕ್ಕಟೆಯಾಗಿರುವುದರಿಂದಲೇ? ಅಥವಾ ಎರಡೂ ಊರು ತಮ್ಮ ಜೋಳ ತಾವೇ ತಿಂದು, ಒಂದು ಚೀಲವೂ ಆಚೀಚೆ ಹೋಗದಿರುವುದರಿಂದಲೇ? ಬೆಲೆ ನೋಡಿ ಹೇಳಲಾಗದು.

ಉಪ್ಪು ಹಾಗಲ್ಲ. ರಾಜಸ್ಥಾನದ ಸಾಂಭರ್ ಸರೋವರದ ಉಪ್ಪು ಆ ಸರೋವರದಲ್ಲೇ ಆಗಬೇಕು. ಈಗ ಪಾಕಿಸ್ತಾನದಲ್ಲಿರುವ ಕೋಹಾಟ್ ಗಣಿಯ ಉಪ್ಪು ಬೇರೆಲ್ಲೂ ಸಿಗದು. ಉಪ್ಪಿನ ಮೇಲೆ ಸರ್ಕಾರದ ಹಿಡಿತ ಬಿಗಿಯಾಗಿತ್ತು, ಹೀಗಾಗಿ ಯಾವ ಉಪ್ಪು ಎಲ್ಲಿಯದು, ಯಾವ ಜಿಲ್ಲೆಯಲ್ಲಿ ಎಷ್ಟಕ್ಕೆ ಮಾರಾಟವಾಯಿತು ಎಂಬುದು ದಾಖಲೆಗೆ ಸೇರುತ್ತಿತ್ತು. ಸಾಂಭರ್ ಉಪ್ಪು ದೂರದ ಒಂದು ಜಿಲ್ಲೆಯ ಪೇಟೆಯಲ್ಲಿ ಮಾರಾಟಕ್ಕಿದೆ ಎಂದರೆ ಅದು ಅಲ್ಲಿಗೆ ಸಾಗಿಯೇ ಬಂದಿದೆ. ಮೂಲದ ಬೆಲೆಗೂ ಪೇಟೆಯ ಬೆಲೆಗೂ ಇರುವ ಅಂತರವೇ ದಾರಿಯ ಖರ್ಚು. ಉತ್ತರ ಭಾರತದ ಎಂಟು ಬಗೆಯ ಉಪ್ಪಿನ ಬೆಲೆಗಳನ್ನು ಹೀಗೆ ಹಿಡಿದು, ರೈಲು ಬಂದ ವರ್ಷದಿಂದ ಆ ಅಂತರ ಎಷ್ಟು ಕುಗ್ಗಿತು ಎಂದು ನೋಡಿದರು. ಅಲ್ಲಿಂದ ಎತ್ತು, ಗಾಡಿ, ದೋಣಿ, ರೈಲುಗಳ ಖರ್ಚಿಗೆ ಒಂದಕ್ಕೊಂದು ಇರುವ ಪ್ರಮಾಣ ಸಿಕ್ಕಿತು. ಆ ಪ್ರಮಾಣವನ್ನು ಮಿಕ್ಕ ಬೆಳೆಗಳ ವ್ಯಾಪಾರದ ಲೆಕ್ಕಕ್ಕೆ ಒಯ್ದರು. ಈಟನ್–ಕಾರ್ಟಮ್ ಮಾದರಿ ಕೆಲಸಕ್ಕೆ ಬರುವುದು ಈ ಹಂತದಲ್ಲಿ.

ಕಡಲತಡಿ

ಇದನ್ನು ಓದಿ ನಮ್ಮ ಕಡೆಯದನ್ನು ಹೇಳದೆ ಇರಲಾಗಲಿಲ್ಲ. ಗೋಕರ್ಣದ ಪಕ್ಕದ ಸಾಣಿಕಟ್ಟಾದಲ್ಲಿ ಈಗಲೂ ಉಪ್ಪಿನ ಆಗರಗಳಿವೆ. ಅಘನಾಶಿನಿಯ ಅಳಿವೆಯ ನೀರು ಕಟ್ಟಿ, ಬಿಸಿಲಿಗೆ ಒಣಗಿಸಿ, ಹಲಗೆಯಿಂದ ಎಳೆದು ಗುಡ್ಡೆ ಹಾಕುತ್ತಾರೆ. ಹರಳು ದಪ್ಪ, ಬಣ್ಣ ಕೆಂಪುಮಿಶ್ರಿತ ಕಂದು. ಉಪ್ಪಿನಕಾಯಿಗೆ ಅದೇ ಆಗಬೇಕು ಎನ್ನುವ ಮನೆಗಳು ಘಟ್ಟದ ಮೇಲೆ ಇಂದಿಗೂ ಬೇಕಾದಷ್ಟಿವೆ. ರೈಲಿಲ್ಲದ ಕಾಲದಲ್ಲಿ ಕರಾವಳಿಯ ಉಪ್ಪು ಹೇರೆತ್ತುಗಳ ಮೇಲೆ ಘಟ್ಟ ಹತ್ತುತ್ತಿತ್ತು. ಲಂಬಾಣಿಗರ ಸಾವಿರಾರು ಎತ್ತುಗಳ ತಂಡಗಳು ಉಪ್ಪು ಒಯ್ದು ಧಾನ್ಯ ತರುತ್ತಿದ್ದವು.

ಧಾರವಾಡದ ಸೀಮೆಯ ಹತ್ತಿ ನಮ್ಮ ಕುಮಟಾ ಬಂದರಿಗೆ ಇಳಿದು ಮುಂಬಯಿಗೆ ಹೋಗುತ್ತಿತ್ತು. ಬೆಳೆದದ್ದು ಬಯಲಿನಲ್ಲಾದರೂ ಲಿವರ್‌ಪೂಲ್‌ನ ವರ್ತಕರ ಬಾಯಲ್ಲಿ ಅದಕ್ಕೆ ‘ಕುಮಟಾ ಹತ್ತಿ’ ಎಂದೇ ಹೆಸರಿತ್ತು. 1860ರ ದಶಕದಲ್ಲಿ ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿಯ ಹತ್ತಿ ನಿಂತಾಗ ಕಾರವಾರ ಬಂದರು, ಘಟ್ಟದ ರಸ್ತೆ ಎಲ್ಲಕ್ಕೂ ಒಮ್ಮೆಲೇ ಬೆಲೆ ಬಂತು. ಆಮೇಲೆ 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲು ಹುಬ್ಬಳ್ಳಿ–ಗದಗ ಭಾಗಕ್ಕೆ ಬಂದದ್ದೇ ತಡ, ಹತ್ತಿ ಬೇರೆ ದಾರಿ ಹಿಡಿಯಿತು. ಕುಮಟಾದ ಹತ್ತಿ ಪೇಟೆ ಬಡವಾಯಿತು.

ಸಂತೆಪೇಟೆಯವರೇ, ನನ್ನ ಪ್ರಶ್ನೆ ಇದು. ರೈಲು ಮುಟ್ಟಿದ ಜಿಲ್ಲೆಗೆ ಶೇ. 16 ಸಿಕ್ಕಿತು ಸರಿ. ಪಕ್ಕದ ಜಿಲ್ಲೆಗೆ ರೈಲು ಬಂದು, ತನಗೆ ಬಾರದ ಊರಿನ ಗತಿ ಏನಾಯಿತು?

ಗುಣಕ

ಕಡಲತಡಿ ಮೇಡಂ ಕೇಳಿದ್ದಕ್ಕೆ ಆ ಪ್ರಬಂಧದಲ್ಲೇ ಉತ್ತರವಿದೆ. ನೆರೆಯ ಜಿಲ್ಲೆಗೆ ರೈಲು ಬಂದು ತನಗೆ ಬಾರದಿದ್ದರೆ ವರಮಾನ ಇಳಿಯುತ್ತದೆ ಎಂದೇ ಅವರ ಲೆಕ್ಕ ಹೇಳುತ್ತದೆ. ಏಕೆಂದರೆ ಮೊದಲು ನಿಮ್ಮಿಂದ ಕೊಳ್ಳುತ್ತಿದ್ದ ನೆರೆಯವನಿಗೆ ಈಗ ದೂರದಿಂದ ಅಗ್ಗವಾಗಿ ಸಿಗುತ್ತದೆ. ಇದು ಕಣ್ಣಿಗೆ ಕಾಣುವ ಸಂಗತಿಯೇ. ಆದರೆ ಬಹುಮಂದಿ ಅರ್ಥಶಾಸ್ತ್ರಜ್ಞರು ಸರಾಸರಿ ಹೇಳಿ ಕೈತೊಳೆದುಕೊಳ್ಳುತ್ತಾರೆ. ಡೊನಾಲ್ಡ್ಸನ್ ಅದನ್ನು ಬೇರೆಯಾಗಿ ತೆಗೆದು ತೋರಿಸಿದರು.

ಇನ್ನೊಂದು ಆಕ್ಷೇಪ ಯಾರಾದರೂ ಎತ್ತುತ್ತಾರೆ, ನಾನೇ ಎತ್ತಿಬಿಡುತ್ತೇನೆ. ಹೇಗಿದ್ದರೂ ಏಳಿಗೆ ಕಾಣಲಿದ್ದ ಜಿಲ್ಲೆಗಳನ್ನೇ ಆರಿಸಿ ಸರ್ಕಾರ ಹಳಿ ಹಾಕಿದ್ದರೆ? ಆಗ ಏಳಿಗೆಯ ಕೀರ್ತಿ ರೈಲಿಗೆ ಸಲ್ಲದು. ಇದಕ್ಕೆ ಅವರು ಹುಡುಕಿದ್ದು, ಅಳತೆ–ಸಮೀಕ್ಷೆಯ ಹಂತದವರೆಗೂ ಹೋಗಿ ಕೊನೆಗೆ ಕೈಬಿಟ್ಟ ಮಾರ್ಗಗಳನ್ನು. ಅಂಥವು 40,000 ಕಿಲೋಮೀಟರ್‌ಗೂ ಹೆಚ್ಚು. ಉದಾಹರಣೆಗೆ ವೈಸರಾಯ್ ಲಾರೆನ್ಸ್ ಹಾಕಿಕೊಂಡಿದ್ದ ದೊಡ್ಡ ಯೋಜನೆ. 1869ರಲ್ಲಿ ಮುಂದಿನ ವೈಸರಾಯ್ ಮೇಯೊ ಬಂದ ಮೇಲೆ ಅದು ಬದಿಗೆ ಸರಿಯಿತು. ಆ ಕಾಗದದ ಮೇಲಿನ ಹಳಿಗಳು ಹಾದುಹೋಗಬೇಕಿದ್ದ ಜಿಲ್ಲೆಗಳಲ್ಲಿ ವರಮಾನ ಏರಿತೇ ಎಂದು ನೋಡಿದರೆ, ಹೇಳಿಕೊಳ್ಳುವಂತಹ ಏರಿಕೆ ಇಲ್ಲ. ಸರ್ಕಾರದ ಆಯ್ಕೆಯೇ ಏಳಿಗೆಗೆ ಕಾರಣವಾಗಿದ್ದರೆ ಅಲ್ಲೂ ಏರಿಕೆ ಕಾಣಬೇಕಿತ್ತು.

ಬಯಲುಸೀಮೆ

ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ನಾನು ಇತಿಹಾಸ ಪಾಠ ಮಾಡುವವನು, ಈ ಶೇ. 16 ಕೇಳಿದಾಗಲೆಲ್ಲ ನನಗೆ 1876–78ರ ಧಾತು ಬರವೇ ಎದುರಿಗೆ ಬರುತ್ತದೆ. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷದ ಆಸುಪಾಸಿಗೆ ಇಳಿದಿತ್ತು. ಬಳ್ಳಾರಿ, ಧಾರವಾಡ, ಕಲಾದಗಿ ಸೀಮೆಗಳ ಸ್ಥಿತಿಯೂ ಅಷ್ಟೇ ಘೋರ. ಬೆಂಗಳೂರಿಗೆ ಜೋಲಾರಪೇಟೆಯ ಕಡೆಯಿಂದ 1864ರಲ್ಲೇ ರೈಲು ಬಂದಿತ್ತು. ಆದರೂ ಜನ ಸತ್ತರು. ಅದೇ ವರ್ಷಗಳಲ್ಲಿ ಭಾರತದಿಂದ ಧಾನ್ಯ ಹಡಗು ಹತ್ತುತ್ತಲೇ ಇತ್ತು.

ಹಳಿ ಹಾಕಿದ್ದು ಯಾರ ದುಡ್ಡಿನಲ್ಲಿ? ಇಂಗ್ಲೆಂಡಿನ ಹೂಡಿಕೆದಾರರಿಗೆ ಶೇ. 5 ಲಾಭದ ಖಾತರಿ ಕೊಟ್ಟು, ಕಡಿಮೆ ಬಿದ್ದದ್ದನ್ನು ಭಾರತದ ತೆರಿಗೆಯಿಂದ ತುಂಬಿದರು. ಬ್ರಿಟಿಷ್ ಭಾರತದ ಆರ್ಥಿಕ ಇತಿಹಾಸ ಬರೆದ ರೊಮೇಶ್ ಚಂದ್ರ ದತ್ ಮತ್ತೆ ಮತ್ತೆ ಹೇಳಿದ್ದು ಇದನ್ನೇ: ರೈಲಿಗೆ ಸುರಿದದ್ದರಲ್ಲಿ ಒಂದು ಪಾಲನ್ನಾದರೂ ಕೆರೆ ಕಾಲುವೆಗಳಿಗೆ ಹಾಕಬೇಕಿತ್ತು. ಜಿಲ್ಲೆಯ ವರಮಾನ ಏರಿತು ಎನ್ನುತ್ತೀರಿ. ಜಮೀನ್ದಾರನದೋ, ಸಾಹುಕಾರನದೋ, ಕೂಲಿಯವನದೋ? ಈ ಪ್ರಶ್ನೆ ಬಿಟ್ಟು ವರಮಾನದ ಮಾತಾಡುವುದನ್ನು ನಾನು ಒಪ್ಪುವುದಿಲ್ಲ.

ಗುಣಕ

ಬಯಲುಸೀಮೆಯವರೇ, ಖಾತರಿಯ ವಿಷಯದಲ್ಲಿ ನಿಮ್ಮೊಡನೆ ಪೂರ್ತಿ ಒಪ್ಪುತ್ತೇನೆ. ಶೇ. 16 ಎನ್ನುವುದು ಜಿಲ್ಲೆಯೊಳಗಿನ ಕೃಷಿ ವರಮಾನದ ಲೆಕ್ಕ. ಯಾರ ತೆರಿಗೆಯಿಂದ ಯಾರಿಗೆ ಲಾಭಾಂಶ ಹೋಯಿತು ಎಂಬುದು ಬೇರೆ ಲೆಕ್ಕ, ಅದು ನಮ್ಮ ಪಾಲಿಗೆ ಅನ್ಯಾಯದ ಲೆಕ್ಕವೇ ಸರಿ.

ಬರದ ವಿಷಯದಲ್ಲಿ ಮಾತ್ರ ಇನ್ನೊಂದು ಮುಖ ನೋಡಬೇಕು. ಅರ್ಥಶಾಸ್ತ್ರಜ್ಞ ರಾಬಿನ್ ಬರ್ಜೆಸ್ ಜೊತೆ ಡೊನಾಲ್ಡ್ಸನ್ ಇದನ್ನೇ ಪ್ರತ್ಯೇಕವಾಗಿ ಅಧ್ಯಯನ ಮಾಡಿದ್ದಾರೆ, 2010ರಲ್ಲಿ ಪ್ರಕಟವಾಯಿತು. ರೈಲು ಇಲ್ಲದ ಜಿಲ್ಲೆಗಳಲ್ಲಿ ಮಳೆ ಕೈಕೊಟ್ಟರೆ ಅದು ನೇರವಾಗಿ ಕ್ಷಾಮಕ್ಕೆ ತಿರುಗುತ್ತಿತ್ತು. ರೈಲು ಬಂದ ಮೇಲೆ ಆ ನಂಟು ಬಹಳ ಸಡಿಲವಾಯಿತು.

ಎತ್ತಿನ ಕಾಲದಲ್ಲಿ ಏನಾಗುತ್ತಿತ್ತು ಯೋಚಿಸಿ. ಬರ ಬಿದ್ದ ಸೀಮೆಗೆ ಹೊರಗಿನಿಂದ ಧಾನ್ಯ ತರಬೇಕು. ತರುವ ಎತ್ತಿಗೆ ದಾರಿಯುದ್ದಕ್ಕೂ ಮೇವು, ನೀರು ಬೇಕು. ಬರದಲ್ಲಿ ಅವೆರಡೂ ಇಲ್ಲ. ಧಾನ್ಯ ಅತ್ಯಂತ ಬೇಕಾದಾಗಲೇ ಅದನ್ನು ತರುವ ಎತ್ತುಗಳು ಸಾಯುತ್ತಿದ್ದವು. ಬೆಂಗಳೂರಿನ ತನಕ ಹಳಿ ಇತ್ತು ನಿಜ, ಅಲ್ಲಿಂದ ಒಳನಾಡಿಗೆ ಏನಿತ್ತು? ಬೆಂಗಳೂರು–ಮೈಸೂರು ಮಾರ್ಗದ ಕೆಲಸ ಹಿಡಿದದ್ದೇ ಆ ಬರದ ಪರಿಹಾರ ಕಾಮಗಾರಿಯಾಗಿ, ಮೈಸೂರಿಗೆ ರೈಲು ಮುಟ್ಟಿದ್ದು 1882ರಲ್ಲಿ. ಸದರ್ನ್ ಮರಾಠಾ ಮಾರ್ಗಗಳೂ 1880ರ ಕ್ಷಾಮ ಆಯೋಗದ ಶಿಫಾರಸಿನ ನಂತರ ಬಂದವು.

ಇದರೊಳಗೆ ನಿಮ್ಮ ‘ಯಾರಿಗೆ’ ಎಂಬ ಪ್ರಶ್ನೆಗೂ ಸ್ವಲ್ಪ ಉತ್ತರವಿದೆ. ಊರು ಹೊರಜಗತ್ತಿಗೆ ಮುಚ್ಚಿಕೊಂಡಿದ್ದಾಗ ಬೆಳೆ ಅರ್ಧಕ್ಕರ್ಧ ಕೈಕೊಟ್ಟರೂ ಬೆಲೆ ಏರಿ, ಮಾರಲು ಧಾನ್ಯ ಉಳಿದ ರೈತನಿಗೆ ಒಂದಿಷ್ಟು ಸರಿಹೋಗುತ್ತಿತ್ತು, ಕೂಲಿಯವನು ಉಪವಾಸ ಬೀಳುತ್ತಿದ್ದ. ರೈಲು ಬಂದ ಮೇಲೆ ಹೊರಗಿನ ಧಾನ್ಯ ಬಂದು ಬೆಲೆ ಏರುವುದು ನಿಂತಿತು. ಬೆಳೆಯೂ ಇಲ್ಲ, ಬೆಲೆಯೂ ಇಲ್ಲ ಎಂಬ ಸ್ಥಿತಿ ರೈತನದಾಯಿತು. ಕೊಂಡು ತಿನ್ನುವವನು ಬದುಕಿಕೊಂಡ.

ಬಯಲುಸೀಮೆ

ಮೇವು–ನೀರಿನ ಮಾತು ಒಪ್ಪಿದೆ, ತೂಕದ ಮಾತು. ಆದರೆ ಕೊಂಡು ತಿನ್ನುವವನ ಕೈಯಲ್ಲಿ ಕಾಸೇ ಇಲ್ಲದಿದ್ದರೆ ರೈಲು ತಂದ ಧಾನ್ಯ ಅವನ ಮುಂದೆಯೇ ಹಾದುಹೋಗುತ್ತದೆ. 1943ರ ಬಂಗಾಳದಲ್ಲಿ ರೈಲು ಇತ್ತು, ಲಕ್ಷಾಂತರ ಜನ ಸತ್ತರು. ಕೊಳ್ಳುವ ಶಕ್ತಿ ಕುಸಿದರೆ ಧಾನ್ಯವಿದ್ದೂ ಜನ ಸಾಯುತ್ತಾರೆ ಎಂದು ಅಮರ್ತ್ಯ ಸೇನ್ ಆ ಬಂಗಾಳವನ್ನೇ ಎದುರಿಗಿಟ್ಟು ವಾದಿಸಿದ್ದಾರೆ. ವ್ಯಾಪಾರದ ಸಂಶೋಧನೆ ಕೂಲಿಯ ದರವನ್ನೂ ಜೊತೆಗಿಟ್ಟುಕೊಳ್ಳದಿದ್ದರೆ ಅರ್ಧ ಚಿತ್ರವೇ.

ಸಂತೆಪೇಟೆ

ಸರ್, ಈ ಕೊರಗು ಡೊನಾಲ್ಡ್ಸನ್ ಅವರ ಮುಂದಿನ ಕೆಲಸಗಳಲ್ಲಿ ಹೇಗೆ ಬೆಳೆಯಿತು ಎಂಬುದನ್ನೂ ನೋಡಬೇಕು.

ರಿಚರ್ಡ್ ಹಾರ್ನ್‌ಬೆಕ್ ಜೊತೆ 2016ರಲ್ಲಿ ಅಮೆರಿಕದ ರೈಲುಗಳ ಬಗ್ಗೆ ಬರೆದರು. ಆರ್ಥಿಕ ಇತಿಹಾಸಕಾರ ರಾಬರ್ಟ್ ಫೋಗೆಲ್ 1964ರಲ್ಲೇ ‘ರೈಲು ಇಲ್ಲದಿದ್ದರೂ ಅಮೆರಿಕಕ್ಕೆ ಅಂಥ ನಷ್ಟವೇನೂ ಆಗುತ್ತಿರಲಿಲ್ಲ’ ಎಂದು ದೊಡ್ಡ ಸದ್ದು ಮಾಡಿದ್ದರು. ಇವರಿಬ್ಬರು ಪ್ರತಿ ಕೌಂಟಿಗೂ (ನಮ್ಮ ಜಿಲ್ಲೆಯಂಥದ್ದು) ಎಷ್ಟು ಪೇಟೆಗಳು ಎಷ್ಟು ಖರ್ಚಿನಲ್ಲಿ ಕೈಗೆಟಕುತ್ತಿದ್ದವು ಎಂದು ಲೆಕ್ಕ ಹಾಕಿ, 1890ರಲ್ಲಿ ರೈಲೆಲ್ಲ ಮಾಯವಾಗಿದ್ದರೆ ಕೃಷಿಭೂಮಿಯ ಬೆಲೆ ಶೇ. 60ರಷ್ಟು ಕುಸಿಯುತ್ತಿತ್ತು ಎಂದರು.

ಬಯಲುಸೀಮೆಯವರ ಪ್ರಶ್ನೆಗೆ ಹತ್ತಿರದ್ದು ಡೇವಿಡ್ ಆಟ್ಕಿನ್ ಜೊತೆ ಇಥಿಯೋಪಿಯಾ, ನೈಜೀರಿಯಾಗಳಲ್ಲಿ ಮಾಡಿದ್ದು. ಉಪ್ಪಿನ ಉಪಾಯವೇ ಇಲ್ಲಿ ಹೊಸ ವೇಷದಲ್ಲಿ ಬರುತ್ತದೆ: ಒಂದೇ ಕಾರ್ಖಾನೆಯಲ್ಲಿ ತಯಾರಾಗುವ ಅಥವಾ ಒಂದೇ ಬಂದರಿನಿಂದ ಬರುವ ನಿರ್ದಿಷ್ಟ ಸರಕು, ಅದರ ಮೂಲದ ಬೆಲೆ, ದೂರದ ಊರಿನ ಬೆಲೆ. ಆದರೆ ಬೆಲೆಯ ಅಂತರದಲ್ಲಿ ನಿಜವಾದ ಸಾಗಣೆಯ ಪಾಲೆಷ್ಟು, ನಡುವಿನ ವರ್ತಕನ ಲಾಭವೆಷ್ಟು ಎಂದು ಅವರು ಬಿಡಿಸಿದರು. ದೂರ ಹೆಚ್ಚಿದಂತೆ ಏರುವ ಖರ್ಚು ಅಲ್ಲಿ ಅಮೆರಿಕದ ನಾಲ್ಕೈದು ಪಟ್ಟು. ಇನ್ನೂ ಕಹಿಯಾದದ್ದೆಂದರೆ, ಬಂದರಿನಲ್ಲಿ ಬೆಲೆ ಇಳಿದಾಗ ಅದರ ಲಾಭದ ಹೆಚ್ಚಿನ ಪಾಲು ನಡುವಿನವರ ಕೈಸೇರುತ್ತದೆ, ದೂರದ ಹಳ್ಳಿಗೆ ತಲುಪುವುದು ಅತ್ಯಲ್ಪ. ದೇಶ ತನ್ನ ಬಾಗಿಲು ತೆರೆದರೂ ಒಳನಾಡಿನ ದಾರಿ ಕೆಟ್ಟಿದ್ದರೆ ಬಡವನಿಗೆ ಜಾಗತೀಕರಣ ತಲುಪುವುದೇ ಇಲ್ಲ. ಇಪ್ಪತ್ತು ವರ್ಷದ ಕೆಲಸದಲ್ಲಿ ನನಗೆ ಇದೇ ಮುಖ್ಯವಾಗಿ ಕಾಣುತ್ತದೆ: ಬಡತನದ ಪ್ರಶ್ನೆಯನ್ನು ದೇಶದ ಗಡಿಯಲ್ಲಿ ನಿಂತು ಕೇಳದೆ, ಗಡಿಯಿಂದ ಹಳ್ಳಿಯವರೆಗಿನ ದಾರಿಯಲ್ಲಿ ಕೇಳಿದರು.

ಮಂಡಿ ಲೆಕ್ಕ

ನಾನು ಅರ್ಥಶಾಸ್ತ್ರ ಓದಿದವನಲ್ಲ. ಎಪಿಎಂಸಿ ಪ್ರಾಂಗಣದ ಒಂದು ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಮೇಲಿನ ಮಾತು ಓದಿ ಒಂದೆರಡು ವಿಷಯ ಹೇಳಬೇಕೆನಿಸಿತು.

‘ನಡುವಿನವನ ಲಾಭ’ ಎಂದು ಒಂದೇ ಮಾತಿನಲ್ಲಿ ಹೇಳಿದರೆ ಸರಿಹೋಗುವುದಿಲ್ಲ. ಬೆಳಿಗ್ಗೆ ಶೇಂಗಾದ ಆವಕ ಬರುತ್ತದೆ. ಹಮಾಲರು ಚೀಲ ಇಳಿಸುತ್ತಾರೆ, ರಾಶಿ ಹಾಕುತ್ತಾರೆ. ಖರೀದಿದಾರ ಒಂದು ಹಿಡಿ ಸುಲಿದು ಕಾಳು ನೋಡುತ್ತಾನೆ, ಹಸಿ ಎಷ್ಟು, ಮಣ್ಣು ಎಷ್ಟು ಅಂದಾಜು ಮಾಡಿ ದರ ಹಾಕುತ್ತಾನೆ. ರೈತನಿಗೆ ಅದೇ ದಿನ ದುಡ್ಡು ಬೇಕು, ಖರೀದಿದಾರ ಕೊಡುವುದು ಎಷ್ಟೋ ದಿನದ ಮೇಲೆ. ನಡುವಿನ ದಿನಗಳ ಹಣ ದಲಾಲನದು. ಬಿತ್ತನೆಗೆ ಸಾಲ ಕೊಟ್ಟವನೂ ಅವನೇ ಆಗಿರುತ್ತಾನೆ. ಸಾಲವಿರುವ ರೈತ ಪಕ್ಕದ ತಾಲ್ಲೂಕಿನಲ್ಲಿ ಧಾರಣೆ ಹೆಚ್ಚಿದೆ ಎಂದು ಮೊಬೈಲಿನಲ್ಲಿ ನೋಡಿದರೂ ಮಾಲು ಅಲ್ಲಿಗೆ ಒಯ್ಯಲಾರ. ನಾನು ಬರೆಯುವ ಖಾತೆಗಳಲ್ಲಿ ಇದು ದಿನವೂ ಕಾಣುತ್ತದೆ. ದಾರಿ ಚೆನ್ನಾಗಿದೆ, ಲಾರಿ ಇದೆ, ಮಾಹಿತಿಯೂ ಇದೆ. ಆದರೂ ಅವನು ಕಟ್ಟಿಬಿದ್ದಿದ್ದಾನೆ. ಈ ಕಟ್ಟನ್ನು ಬೆಲೆಯ ಅಂತರದಲ್ಲಿ ಹೇಗೆ ಅಳೆಯುತ್ತೀರಿ?

ಗುಣಕ

ನೀವು ಬರೆದದ್ದು ಈ ಚರ್ಚೆಯಲ್ಲೇ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು. ಕೇರಳದ ಮೀನುಗಾರರ ಬಗ್ಗೆ ರಾಬರ್ಟ್ ಜೆನ್ಸನ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ಪ್ರಸಿದ್ಧ. ಮೊಬೈಲ್ ಬಂದ ಮೇಲೆ ಮತ್ತಿ ಮೀನಿನ ಬೆಲೆ ಒಂದು ಕಡಲತೀರದಿಂದ ಇನ್ನೊಂದಕ್ಕೆ ಏರುಪೇರಾಗುವುದು ಬಹಳ ಕಡಿಮೆಯಾಯಿತು, ಕೊಳ್ಳುವವರಿಲ್ಲದೆ ಮೀನು ಸಮುದ್ರಕ್ಕೆ ಚೆಲ್ಲುವುದು ನಿಂತಿತು. ಅದನ್ನು ಹಿಡಿದು ಮಾಹಿತಿಯೊಂದೇ ಸಾಕು ಎಂದವರು ಬಹಳ. ಆ ದೋಣಿಯವನು ಬೇರೆ ದಡಕ್ಕೆ ತಿರುಗಬಲ್ಲವನಾಗಿದ್ದ. ಸಾಲಕ್ಕೆ ಕಟ್ಟಿಬಿದ್ದ ರೈತ ತಿರುಗಲಾರ.

ನಮ್ಮ ರಾಜ್ಯದ ಏಕೀಕೃತ ಮಾರುಕಟ್ಟೆ ವೇದಿಕೆಯ ಮೇಲೂ ಒಂದು ಅಧ್ಯಯನ 2020ರಲ್ಲಿ ಬಂದಿದೆ. ಪ್ರಾಂಗಣಗಳನ್ನು ಆನ್‌ಲೈನ್‌ನಲ್ಲಿ ಜೋಡಿಸಿದ ಮೇಲೆ ಭತ್ತಕ್ಕೆ ಸರಾಸರಿ ಶೇ. 5.1, ಶೇಂಗಾಕ್ಕೆ 3.6, ಮೆಕ್ಕೆಜೋಳಕ್ಕೆ 3.5ರಷ್ಟು ಧಾರಣೆ ಏರಿತು ಎಂದು ಅದು ಹೇಳುತ್ತದೆ. ಸಣ್ಣದಲ್ಲ. ಆದರೆ ಎಲ್ಲ ಬೆಳೆಗೂ ಹೀಗಾಗಲಿಲ್ಲ. ಗುಣಮಟ್ಟ ಕೈಯಲ್ಲಿ ಹಿಡಿದೇ ನೋಡಬೇಕಾದ ಮಾಲಿಗೆ ದೂರದ ಖರೀದಿದಾರ ದರ ಹಾಕಲು ಹಿಂಜರಿಯುತ್ತಾನೆ. ನೀವು ಹೇಳಿದ ಆ ‘ಒಂದು ಹಿಡಿ ಸುಲಿದು ನೋಡುವುದು’ ಕಂಪ್ಯೂಟರಿನಲ್ಲಿ ಆಗದು.

ಎಂ.ಎ. ಎರಡನೇ ವರ್ಷ

ನನ್ನ ಕಿರುಪ್ರಬಂಧಕ್ಕೆ ಇಂಥದ್ದೇ ವಿಷಯ ಬೇಕಿತ್ತು. ಹವಾಮಾನ ಬದಲಾವಣೆಯ ಮೇಲೆ ಡೊನಾಲ್ಡ್ಸನ್ ಅವರ ಕೆಲಸ ಇದೆಯಂತಲ್ಲ, ಅದು ಓದಲು ಹೇಗಿದೆ? ಇನ್ನೊಂದು, ಕರ್ನಾಟಕದೊಳಗೆ ‘ಒಂದೇ ಕಡೆ ತಯಾರಾಗುವ ಸರಕು’ ಯಾವುದನ್ನು ಹಿಡಿಯಬಹುದು? ಮೈಸೂರು ಸ್ಯಾಂಡಲ್ ಸೋಪ್ ಆಗಬಹುದೇ?

ಸಂತೆಪೇಟೆ

ಹವಾಮಾನದ್ದು ಕಾಸ್ಟಿನೊ ಮತ್ತು ಸ್ಮಿತ್ ಜೊತೆ 2016ರಲ್ಲಿ ಬಂದದ್ದು. ಭೂಮಿಯ ಮೇಲಿನ 17 ಲಕ್ಷ ಹೊಲಗಳಿಗೆ ಹತ್ತು ಬೆಳೆಗಳಲ್ಲಿ ಯಾವುದು ಎಷ್ಟು ಬರುತ್ತದೆ, ತಾಪ ಏರಿದ ಮೇಲೆ ಎಷ್ಟು ಬರುತ್ತದೆ ಎಂಬ ಕೃಷಿವಿಜ್ಞಾನಿಗಳ ಅಂದಾಜನ್ನು ಬಳಸಿದ್ದಾರೆ. ರೈತರು ಬೆಳೆ ಬದಲಿಸಿಕೊಂಡರೆ ನಷ್ಟ ಜಗತ್ತಿನ ಉತ್ಪನ್ನದ ಶೇ. 0.26. ಕೇಳಲು ಸಣ್ಣದು, ಆ ಹತ್ತು ಬೆಳೆಗಳ ಒಟ್ಟು ಮೌಲ್ಯದ ಆರನೇ ಒಂದು ಪಾಲು. ಬೆಳೆ ಬದಲಿಸಲಾಗದಿದ್ದರೆ ನಷ್ಟ ಸುಮಾರು ಮೂರು ಪಟ್ಟು. ದೇಶದೇಶಗಳ ನಡುವಿನ ವ್ಯಾಪಾರ ಬದಲಾಗುವುದರಿಂದ ಸಿಗುವ ಆಸರೆ ತೀರಾ ಕಡಿಮೆ ಎಂದು ವ್ಯಾಪಾರದ ಅರ್ಥಶಾಸ್ತ್ರಜ್ಞರೇ ಬರೆದರು. ತಮ್ಮ ಶಾಸ್ತ್ರವನ್ನು ಎತ್ತಿಹಿಡಿಯದ ಉತ್ತರ ಬಂದರೂ ಹಾಗೇ ಮುಂದಿಟ್ಟ ಈ ಪ್ರಾಮಾಣಿಕತೆಗಾಗಿಯೇ ಅದನ್ನು ಓದಬೇಕು.

ಸೋಪು ಬೇಡ. ಪೊಟ್ಟಣದ ಮೇಲೆ ಗರಿಷ್ಠ ಮಾರಾಟ ಬೆಲೆ ಅಚ್ಚಾಗಿರುತ್ತದೆ, ಬೆಂಗಳೂರಿನಲ್ಲೂ ಬೀದರಿನಲ್ಲೂ ಅದೇ. ದಾರಿಯ ಖರ್ಚು ಕಂಪನಿಯ ಲೆಕ್ಕದೊಳಗೆ ಅಡಗಿಬಿಡುತ್ತದೆ. ಬೆಲೆ ಅಚ್ಚಾಗದೆ ಬಿಡಿಯಾಗಿ ತೂಗಿ ಮಾರುವ ಮಾಲು ಬೇಕು.

ಕಡಲತಡಿ

ಹಾಗಾದರೆ ಸಾಣಿಕಟ್ಟಾ ಉಪ್ಪನ್ನೇ ಹಿಡಿಯಿರಿ. ಮೂಲ ಒಂದೇ, ಬಣ್ಣ ಹರಳು ನೋಡಿದರೆ ಗುರುತು ಸಿಗುತ್ತದೆ. ಶಿರಸಿ, ಯಲ್ಲಾಪುರ, ಹುಬ್ಬಳ್ಳಿ, ಹಾವೇರಿಯ ಸಂತೆಗಳಲ್ಲಿ ಬಿಡಿಯಾಗಿ ಸಿಗುತ್ತದೆಯೇ ಎಂದು ಮೊದಲು ನೋಡಿಕೊಂಡು ಬನ್ನಿ. ಇಲ್ಲಿಯ ಉಪ್ಪು ಉತ್ಪಾದಕರ ಸಹಕಾರ ಸಂಘದಲ್ಲಿ ಮೂಲದ ಬೆಲೆ ಕೇಳಬಹುದು. ಮಳೆಗಾಲ ಬಿಟ್ಟು ಬನ್ನಿ, ಆಗರಗಳಲ್ಲಿ ಆಗ ಕೆಲಸವಿರುವುದಿಲ್ಲ.

ಬಯಲುಸೀಮೆ

ಹೋಗುವಾಗ ಪ್ರಶ್ನಾವಳಿಯಲ್ಲಿ ಒಂದು ಅಂಕಣ ನನ್ನ ಪರವಾಗಿ ಸೇರಿಸಿಕೊಳ್ಳಮ್ಮ. ಪ್ರತಿ ಸಂತೆಯಲ್ಲೂ ಉಪ್ಪಿನ ಬೆಲೆಯ ಪಕ್ಕದಲ್ಲಿ ಆ ಊರಿನ ಹೆಣ್ಣಾಳು, ಗಂಡಾಳು ಇಬ್ಬರ ದಿನಗೂಲಿಯನ್ನೂ ಬರೆದುಕೊ. ಆಗರದಲ್ಲಿ ಹಲಗೆ ಎಳೆಯುವವರದನ್ನೂ ಬಿಡಬೇಡ. ಹಳೆಯ ಬ್ರಿಟಿಷ್ ವರದಿಗಳಲ್ಲಿ ಬೆಲೆ ಮತ್ತು ಕೂಲಿ ಎರಡನ್ನೂ ಒಂದೇ ಸಂಪುಟದಲ್ಲಿ ಕೊಡುತ್ತಿದ್ದರು. ಧಾರವಾಡ, ಬೆಳಗಾವಿ, ಬಳ್ಳಾರಿಯವು ಸಿಕ್ಕಿದರೆ ಜೊತೆಗಿಟ್ಟು ನೋಡೋಣ, ಓದಲು ನಾನು ಸಹಾಯ ಮಾಡುತ್ತೇನೆ.

ಮಂಡಿ ಲೆಕ್ಕ

ಹುಬ್ಬಳ್ಳಿಯಿಂದ ಹಾವೇರಿಯ ತನಕ ಲಾರಿ ಬಾಡಿಗೆ ಮತ್ತು ಹಮಾಲಿ ದರ ಬೇಕಾದರೆ ನನ್ನನ್ನು ಕೇಳಿ. ಸುಗ್ಗಿಯಲ್ಲಿ ಒಂದು, ಮಳೆಗಾಲದಲ್ಲಿ ಒಂದು ಇರುತ್ತದೆ, ಎರಡನ್ನೂ ಬೇರೆ ಬೇರೆಯಾಗಿ ಬರೆದುಕೊಳ್ಳಬೇಕು. ಮರಳುವ ಲಾರಿ ಖಾಲಿ ಬಂದರೆ ಬಾಡಿಗೆ ಬೇರೆಯೇ.